ಬಿಸಿಲು ತಿನ್ನುವ ಕಂಪ್ಯೂಟರು

ಆ ಬೇಸಿಗೆ ನಮ್ಮ ಅತ್ತೆಯ ಮೊಣಕಾಲಿಗೆ ಆಪರೇಷನ್ ಆಗಿತ್ತು. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದಾಗ ಅತ್ತೆ ಸುಮ್ಮನೆ ತಲೆಯಾಡಿಸಿದ್ದರು. ಸಂಡಿಗೆ ಹಾಕುವುದು ತಾರಸಿಯ ಮೇಲೆ ಎಂಬುದು ಅವರಿಗೆ ಹೊಳೆದದ್ದು ಮನೆಗೆ ಬಂದು ಮಂಚಕ್ಕೆ ಒರಗಿದ ಮೇಲೆ.

"ಹಂಗಾರ ಈ ವರ್ಷ ಸಂಡಿಗಿ?"

"ನಾನೂ ಬಾಜೂ ಮನಿಯಾಕೀನೂ ಕೂಡಿ ಹಾಕ್ತೇವಲ್ರೀ ಅತ್ತ್ಯಾರ."

"ಹಾಕ್ತೀರಿ. ತಿನ್ನಾಕ ಯಾರು ಬರ್ತಾರ ನೋಡೂಣಂತ."

ಇಷ್ಟು ಹೇಳಿ ಗೋಡೆಯ ಕಡೆ ಹೊರಳಿದರು. ನವನಗರಕ್ಕೆ ನಾವು ಬಂದಾಗಿನಿಂದ ನಮ್ಮ ಓಣಿಯ ಸಂಡಿಗೆ, ಹಪ್ಪಳ, ಶ್ಯಾವಿಗೆ ಎಲ್ಲವೂ ಅತ್ತೆಯ ಕಣ್ಣೆದುರೇ ಒಣಗಿದಂಥವು. ಹಿಟ್ಟಿನ ಹದ ಅವರು ನೋಡಬೇಕು, ತಿರುವಿ ಹಾಕುವ ಹೊತ್ತು ಅವರು ಹೇಳಬೇಕು. ಕೊಟ್ಟ ಚಹಾ ಆರಿ ಕೆನೆಗಟ್ಟಿತು. ಮರುದಿನವೂ ಹಾಗೆಯೇ. ಕಾಲಿನ ನೋವಿಗೆ ಮಾತ್ರೆ ಇತ್ತು, ಇದಕ್ಕಿರಲಿಲ್ಲ.

ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಮಕ್ಕಳಿಗೆ ತೋರಿಸಲೆಂದು ಕೊಂಡಿದ್ದ ಅಂಗೈಯಗಲದ ಕಂಪ್ಯೂಟರೊಂದು ಮನೆಯಲ್ಲಿತ್ತು. ಒಂದೇ ಹಲಗೆಯ ಮೇಲೆ ಎಲ್ಲವೂ ಕೂತಿರುವಂಥದ್ದು. ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿ ತಾರಸಿಯಲ್ಲಿಟ್ಟರೆ, ಮನೆಯ ವೈ-ಫೈ ಹಿಡಿದು ಮೇಲಿನದೆಲ್ಲ ಅತ್ತೆಯ ಮಂಚದೆದುರಿನ ಟಿವಿಯಲ್ಲಿ ಕಾಣುತ್ತದೆ. ಯೋಚನೆ ಬಂದದ್ದೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಆದರೆ ತಾರಸಿಯಲ್ಲಿ ಪ್ಲಗ್ಗಿಲ್ಲ. ಕೆಳಗಿನಿಂದ ಮೆಟ್ಟಿಲಗುಂಟ ವೈರ್ ಎಳೆದೆ. ಹೂವಿನ ಕುಂಡಗಳಿಗೆ ನೀರು ಹಾಕಲು ಕೊಡ ಹಿಡಿದು ಹತ್ತುತ್ತಿದ್ದ ನಮ್ಮವರು ಅದಕ್ಕೇ ಎಡವಿದರು. ಬೀಳಲಿಲ್ಲ, ಪೂರಾ ತೊಯ್ದರು. "ಮನ್ಯಾಗ ಒಬ್ಬರ ಕಾಲು ಕಟ್ಟಿಸಿದ್ದು ಸಾಕಾಗಿಲ್ಲೇನು ನಿನಗ?" ಎಂದರು, ಮೂಗಿನ ತುದಿಯಿಂದ ನೀರಿಳಿಸುತ್ತ.

ಹಾಗಾಗಿ ಸೋಲಾರು. ಹುಬ್ಬಳ್ಳಿ ಪೇಟೆಯಿಂದ ಸಣ್ಣ ಪ್ಯಾನೆಲ್ ತಂದೆ. ಬಸ್ಸಿನಲ್ಲಿ ಅದನ್ನು ಕಿಟಕಿ ಪಕ್ಕ ನಿಲ್ಲಿಸಿ, ನಾನು ಈಚೆ ಕೂತೆ. ಕಂಡಕ್ಟರು ಬಂದು, "ಇವರು ಯಾರ ಪೈಕಿರಿ ಅಕ್ಕಾರ? ಕಿಡಕಿ ಸೀಟ ಹಿಡದಾರಲ್ಲ" ಎಂದ. ಬೈರಿದೇವರಕೊಪ್ಪ ದಾಟುವವರೆಗೂ ನನಗೆ ನಗು ನಿಲ್ಲಲಿಲ್ಲ.

ಪ್ಯಾನೆಲ್ಲಿನ ವೈರನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದೆ. ಕೆಳಗಿನಿಂದ ಅತ್ತೆಯ ಕೂಗು: "ಏ, ಬಂತು! ಕಸಾ ಹೊಡದಿಲ್ಲಲ್ಲ ಮ್ಯಾಲೆ!" ಓಡಿಬಂದು ನೋಡಿದರೆ ಎದ್ದು ಕೂತಿದ್ದಾರೆ, ಆರಿದ ಚಹಾ ಕುಡಿಯುತ್ತಿದ್ದಾರೆ. ಅಷ್ಟರಲ್ಲಿ ಸೂರ್ಯನಿಗೆ ಒಂದು ಮೋಡ ಅಡ್ಡ ಬಂತು, ಟಿವಿ ಕಪ್ಪಾಯಿತು. ಮೋಡ ಸರಿಯಿತು. ಕಂಪ್ಯೂಟರು ಆಕಳಿಸಿ, ಮೈಮುರಿದು, ಇನ್ನೇನು ಎದ್ದಿತು ಎನ್ನುವಾಗ ಮತ್ತೊಂದು ಮೋಡ. ಇವಕ್ಕೆ ಕರೆಂಟು ಬೇಕಾಗುವುದು ಚೂರೇ, ಆದರೆ ಆ ಚೂರು ಎಡೆಬಿಡದೆ ಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೂ ಎಲ್ಲ ಮೊದಲಿನಿಂದ ಶುರು. ನಡುವೆ ನಮ್ಮ ತಾರಸಿಯ ಟ್ಯಾಂಕಿನಂತೆ ಏನಾದರೂ ಇರಬೇಕು. ನಳ ಬಂದಾಗ ತುಂಬಿಕೊಂಡು, ಬೇಕಾದಾಗ ಬಿಡುವಂಥದ್ದು. ಒಂದು ಬ್ಯಾಟರಿ ತಂದೆ, ಅದು ಅತಿಯಾಗಿ ತುಂಬದಂತೆ ಪೂರ್ತಿ ಬರಿದೂ ಆಗದಂತೆ ಕಾಯುವ ಪುಟ್ಟ ಪೆಟ್ಟಿಗೆಯೊಂದನ್ನೂ ತಂದೆ. ದಾರಿಯಲ್ಲೇ ಕರೆಂಟು ಕಳೆದುಹೋಗದಂತೆ, ಉದ್ದನೆಯ ತೆಳು ವೈರು ತೆಗೆದು ಗಿಡ್ಡಗಿನ, ದಪ್ಪ ವೈರು ಹಾಕಿದೆ. ಬ್ಯಾಟರಿ, ಕಂಪ್ಯೂಟರು, ಕ್ಯಾಮೆರಾ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಬಿಸಿಯಾಗದಂತೆ ತಾರಸಿಯಂಚಿನ ಕಟ್ಟೆಯ ನೆರಳಿನಲ್ಲಿಟ್ಟೆ. ಕ್ಯಾಮೆರಾ ಇಣುಕಲು ಒಂದು ತೂತು.

ಆಮೇಲೆ ಮೋಡ ಬಂದರೂ ಚಿತ್ರ ಅಲ್ಲಾಡಲಿಲ್ಲ. ಅತ್ತೆಗೆ ರಾಜ್ಯ ಮರಳಿ ಬಂತು. ನಾನು ಶಾಲೆಯ ದಾಖಲಾತಿ ಕೆಲಸಕ್ಕೆ ಹೋದರೆ, ಪಕ್ಕದ ಮನೆಯಾಕೆ ತಾರಸಿ ಹತ್ತುತ್ತಿದ್ದಳು. ಅವಳ ಮೊಬೈಲ್ ಕಟ್ಟೆಯ ಮೇಲೆ, ಮೊಬೈಲಿನೊಳಗೆ ಅತ್ತೆಯ ದನಿ. "ಆ ಮೂಲಿಯಾಗಿಂದು ದಪ್ಪಾತು ನೋಡವಾ." "ಕಾಗಿ ಬಂತು, ಕಾಗಿ!"

ಆದರೆ ಸಂಡಿಗೆ ಶುರುವಾದ ಕೆಲವೇ ದಿನಕ್ಕೆ ಹೊಸ ರೋಗ. ದಿನಾ ಮಧ್ಯಾಹ್ನ ಟಿವಿ ಕಪ್ಪಾಗತೊಡಗಿತು. ಅದೂ ಧಗಧಗ ಬಿಸಿಲಿನಲ್ಲಿ! ಬ್ಯಾಟರಿ ನೋಡಿದರೆ ಬರಿದು. ವೈರು ಬದಲಿಸಿದೆ, ಪ್ಯಾನೆಲ್ಲಿನ ಓರೆ ತಿದ್ದಿದೆ. ಕಾಗೆ ಬೆದರಿಸಲು ಇಟ್ಟಿದ್ದ ಕಪ್ಪು ಕೊಡೆಯ ನೆರಳು ಬೀಳುತ್ತಿದೆಯೇನೋ ಎಂದು ಅದನ್ನೂ ಸರಿಸಿದೆ. ಊಹೂಂ. ಅತ್ತೆ ಮತ್ತೆ ಗೋಡೆಯ ಕಡೆ ಹೊರಳುವ ಲಕ್ಷಣ ಕಂಡಿತು. "ಇರಲಿ ಬಿಡವಾ. ನನ್ನ ಕಾಲಿನಂಗ ಅದಕ್ಕೂ ಮುಪ್ಪು ಬಂದೈತಿ" ಎಂದರು.

ಪ್ಯಾನೆಲ್ಲಿನ ಗಾಜಿನ ಮೇಲೆ ಮಾತ್ರ ದಿನಾ ಬಿಳಿ ಬಿಳಿ ಕಲೆ. ಪಾರಿವಾಳ ಎಂದು ಬೈದುಕೊಂಡು ಒರೆಸುತ್ತಿದ್ದೆ. ಪಾರಿವಾಳದ ಕಲೆಯಡಿ ಎಣ್ಣೆಯ ಜಿಡ್ಡು ಯಾಕೆ ಎಂಬ ಪ್ರಶ್ನೆ ಹೇಗೋ ಏಳಲಿಲ್ಲ. ಒಂದು ದಿನ ಉಗುರಿನಿಂದ ಕೆರೆದಾಗ ಕಲೆಯೊಳಗೆ ಒಂದು ಕಾಳು ಜೀರಿಗೆ ಸಿಕ್ಕಿತು. ಕಲೆಯನ್ನು ನಾಲಿಗೆಗೆ ಹಚ್ಚಿದೆ. ಉಪ್ಪು, ಹಸಿಮೆಣಸಿನಕಾಯಿ. ಅತ್ತೆಯದೇ ಹದ.

ಪಕ್ಕದ ಮನೆಯಾಕೆಯನ್ನು ಕರೆದೆ. "ಅಲ್ಲವಾ, ಇದರ ಮ್ಯಾಲೆ ಸಂಡಿಗಿ ಹಾಕೀ ಏನು?"

"ಹೌದ್ರೀ ಅಕ್ಕಾರ. ಏನ್ ಚಂದ ಒಣಗತಾವ್ರಿ! ಮುಂಜಾನೆ ಹಾಕಿದ್ರ ಮಧ್ಯಾಹ್ನದಾಗ ಖಣ್ ಅಂತಾವ. ನೀವು ಸಾಲಿಯಿಂದ ಬರೂದರಾಗ ತಗದಿರತೇನ್ರಿ."

"ಯಾರು ಹೇಳಿದ್ರು ನಿನಗ?"

"ಅಮ್ಮಾರ ಟಿವ್ಯಾಗ ನೋಡಿ ಹೇಳಿದ್ರಿ. 'ಆ ಕರೇ ಗಾಜ ಸುಮ್ಮನ ಬಿಸಲಾಗ ಬಿದ್ದೈತಿ, ಧೂಳಿಲ್ಲ, ಛಲೋ ಕಾದಿರತೈತಿ. ಎಣ್ಣಿ ಸವರಿ ಹಾಕು' ಅಂದ್ರಿ."

ಕೆಳಗಿಳಿದು ಅತ್ತೆಗೆ ಹೇಳಿದೆ: ಆ ಕರೇ ಗಾಜು ಬಿಸಿಲು ತಿಂದರೆ ಬ್ಯಾಟರಿ ತುಂಬುತ್ತದೆ, ಬ್ಯಾಟರಿ ತುಂಬಿದರೆ ಚಿತ್ರ ಬರುತ್ತದೆ. ಅತ್ತೆ ನನ್ನನ್ನು ನೋಡಿದರು, ಕಪ್ಪಾದ ಟಿವಿಯನ್ನು ನೋಡಿದರು.

"ಅಂದ್ರ ನನ್ನ ಕಣ್ಣಿನ ಮ್ಯಾಲೆ ನಾನ ಸಂಡಿಗಿ ಹಾಕಿಸೇನೇನವಾ?"

ಅಷ್ಟೇ. ಮೊದಲು ಅವರ ಹೊಟ್ಟೆ ಕುಣಿಯಿತು, ಆಮೇಲೆ ಮಂಚ. "ನಗಸಬ್ಯಾಡ್ರೇ, ಹೊಲಿಗಿ ಎಳಿತಾವ" ಎಂದು ಮೊಣಕಾಲು ಹಿಡಿದುಕೊಂಡು ನಗುತ್ತಾರೆ. ಪಕ್ಕದ ಮನೆಯಾಕೆ ನೆಲಕ್ಕೇ ಕೂತಳು. ಏನಾಯಿತೆಂದು ಬಂದ ನಮ್ಮವರು ಏನೂ ತಿಳಿಯದೆಯೇ ನಕ್ಕರು.

ಅಷ್ಟಾದರೂ ಕಾದ ಗಾಜನ್ನು ಬಿಟ್ಟುಕೊಡಲು ಅತ್ತೆ ಒಪ್ಪಲಿಲ್ಲ. "ಮೊದಲು ಅದರ ಹೊಟ್ಟಿ ತುಂಬಲಿ, ಆಮ್ಯಾಲೆ ನಮ್ಮದು" ಎಂದು ತೀರ್ಪು ಕೊಟ್ಟರು. ಟಿವಿಯ ಮೂಲೆಯಲ್ಲಿ ಬ್ಯಾಟರಿ ಎಷ್ಟು ತುಂಬಿದೆಯೆಂದು ಕಾಣುವಂತೆ ಮಾಡಿಕೊಟ್ಟೆ. ಹಾಲು ಉಕ್ಕುವುದನ್ನು ಕಾಯುವಂತೆ ಅದನ್ನು ಕಾಯುವರು. "ತುಂಬ್ತು! ಲಗೂ ಹಾಕು ಇನ್ನ."

ಕಡೆಯ ದಿನ, ಇದ್ದಬದ್ದ ಹಿಟ್ಟನ್ನೆಲ್ಲ ಹಾಕಿ ಮುಗಿಸಿದ್ದೆವು. ನಾನೂ ಪಕ್ಕದ ಮನೆಯಾಕೆಯೂ ಕೆಳಗೆ ಊಟಕ್ಕೆ ಕೂತಿದ್ದೆವು. "ಏಳ್ರೇ! ಧಾರವಾಡ ಕಡೆ ಕರ್ರಗ ಆಗೇತಿ, ಅಡ್ಡಮಳಿ ಬಂತು!" ಎಂದು ಅತ್ತೆ ಕೂಗಿದರು. ಕೈ ತೊಳೆಯದೆ ಓಡಿದೆವು. ನಡು ಮಧ್ಯಾಹ್ನವಾದರೂ ಬಿಸಿಲೆಂಬುದೇ ಇಲ್ಲ, ಗಾಳಿಗೆ ಕೊಡೆ ಹಾರಿ ಪಕ್ಕದ ತಾರಸಿ ಸೇರಿತು. ಮೊಬೈಲಿನಲ್ಲಿ ಅತ್ತೆ: "ಹಾಸಿಗಿ ಚಾದರ ನಾಲ್ಕೂ ಮೂಲಿ ಹಿಡೀರಿ! ಗಾಜಿಂದು ಮರತ್ರಿ!" ಅಂಥ ಕತ್ತಲೆಯಲ್ಲೂ ಅವರಿಗೆ ಎಲ್ಲ ಕಾಣುತ್ತಿತ್ತು. ಗಾಜಿನ ಮೇಲಿನವನ್ನು ಬಳಿದು ಚಾದರಕ್ಕೆ ಸುರಿದೆ. ದಪ್ಪ ಹನಿ ಬಿತ್ತು. ಪಕ್ಕದ ಮನೆಯಾಕೆ ಪ್ಯಾನೆಲ್ಲಿನಿಂದ ಡಬ್ಬಿಗೆ ಬಂದ ವೈರು ಕಿತ್ತು, ಡಬ್ಬಿಯನ್ನೂ ಸಂಡಿಗೆಯ ಜೊತೆಗೇ ಚಾದರದೊಳಗೆ ತಳ್ಳಿ ಗಂಟು ಕಟ್ಟಿದಳು.

ಮೆಟ್ಟಿಲಿಳಿಯುವಾಗ ಮೊಬೈಲ್ ಸುಮ್ಮನಾಯಿತು. ಗಂಟಿನೊಳಗೆ ಚಿತ್ರ ಹೋಗಿರಬೇಕು ಅಂದುಕೊಂಡೆ. ಮಳೆ ಧೋ ಎಂದಿತು.

ಅತ್ತೆಯ ಕೋಣೆಗೆ ಬಂದು ನೋಡಿದರೆ ಟಿವಿ ತುಂಬ ಸಂಡಿಗೆ. ಹಪ್ಪಳದಷ್ಟು ಅಗಲವಾಗಿ ಕಾಣುವ ಒಂದು ಸಂಡಿಗೆ ಕ್ಯಾಮೆರಾಕ್ಕೇ ಒತ್ತಿ ನಿಂತಿತ್ತು, ತೆಳು ಚಾದರದೊಳಗೆ ಬಂದ ಬೆಳಕಿನಲ್ಲಿ ಅದರ ಜೀರಿಗೆ ಕೂಡ ಎಣಿಸಬಹುದಾಗಿತ್ತು. ಅತ್ತೆ ದಿಂಬು ಬಿಟ್ಟು ಮುಂದಕ್ಕೆ ಬಾಗಿ ಅದನ್ನೇ ನೋಡುತ್ತಿದ್ದರು.

"ನಡುವ ಇನ್ನೂ ಹಸಿ ಐತಿ. ನಾಳೆ ಮತ್ತ ಹಾಕ್ರಿ."