ಶನಿವಾರ ಏಳು ಗಂಟೆಯ ನಗು

ಶನಿವಾರ ಸಂಜೆ ಏಳಕ್ಕೆ ಅಮೆರಿಕೆಯ ನಮ್ಮ ಫ್ರಿಸ್ಕೋ ಮನೆಗೆ ಯಾರೂ ಬರುತ್ತಿರಲಿಲ್ಲ. ಅರ್ಧ ಗಂಟೆ ಚಹಾ ಇಲ್ಲ, ಮಾತಿಲ್ಲ, ಬಾಗಿಲ ಗಂಟೆ ಹೊಡೆದರೂ ಏಳುವವರಿಲ್ಲ. ಡಾಕ್ಟರ್ ಸಾಹೇಬರು, ಅಂದರೆ ನನ್ನ ಯಜಮಾನರು, ಟಿವಿ ಮುಂದೆ ಕೂತಿರುತ್ತಿದ್ದರು. ಹುಬ್ಬಳ್ಳಿಯ ನನ್ನ ತವರಿನಲ್ಲಿ ಹೀಗೆ ಮಾಡಿದ್ದರೆ ಬೀಗರು ಅಂಗಳದಿಂದಲೇ ತಿರುಗಿ ಹೋಗುತ್ತಿದ್ದರು.

ನೋಡುತ್ತಿದ್ದದ್ದಾದರೂ ಏನು? ಒಂದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ. ಮದುವೆಗೆ ಮುಂಚೆ ಇಂಗ್ಲೆಂಡಿನಲ್ಲಿ ಜೂನಿಯರ್ ಡಾಕ್ಟರಾಗಿದ್ದಾಗ ಆಸ್ಪತ್ರೆ ಕ್ವಾರ್ಟರ್ಸಿನ ಟಿವಿಯಲ್ಲಿ ನೋಡಿ ಮರುಳಾದವರು. ಇಲ್ಲಿಯ ಚಾನೆಲ್ಲೊಂದು ಅದನ್ನೇ ವರ್ಷಗಟ್ಟಲೆ ತಿರುತಿರುಗಿ ಹಾಕುತ್ತಿತ್ತು. ಇವರಿಗೆ ಮಾತೆಲ್ಲ ಬಾಯಿಪಾಠ. ಟಿವಿಯವನು ಬಾಯಿ ತೆರೆಯುವ ಮೊದಲೇ ಇವರ ಹೊಟ್ಟೆ ಕುಲುಕಲು ಶುರು. ಟೆಕ್ಸಾಸಿನ ಉರಿಬಿಸಿಲಲ್ಲೂ ಕೋಟು ಹಾಕಿಕೊಂಡು ವಾಕಿಂಗ್ ಹೋಗುವುದು, ಸಿಟ್ಟು ಬಂದರೆ ಹವಾಮಾನದ ಮಾತೆತ್ತುವುದು, ಎಲ್ಲ ಅದರದೇ ಪ್ರಸಾದ.

ನನಗೋ, ಆ ಇಂಗ್ಲಿಷು ಒಂದಕ್ಷರ ತಿಳಿಯುತ್ತಿರಲಿಲ್ಲ. ಹೊಸ ಮದುಮಗಳು, ಸುಮ್ಮನೆ ಕೂತರೆ ದಡ್ಡಿ ಅಂದಾರು ಎಂದು ಅವರ ಮುಖ ನೋಡಿ ನಕ್ಕೆ. ಒಮ್ಮೆ ನಕ್ಕ ಮೇಲೆ ನಿಲ್ಲಿಸುವುದು ಹೇಗೆ? ಮೂವತ್ತು ವರ್ಷ ಹಾಗೆಯೇ ನಕ್ಕೆ.

ರಿಟೈರ್ ಆದ ಮೇಲೆ ಮನುಷ್ಯ ಬದಲಾದರು. ನಾನು ಮಾತಾಡಿದರೆ ಉತ್ತರವೇ ಇಲ್ಲ. ಹೂಕೋಸು ಬೇಡ ಅಂದರೆ ಎರಡು ತರುವರು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೇಳಿದೆ, “ಈ ಮನ್ಯಾಗ ನಾ ಒಬ್ಬಾಕೀನೇ ಇದ್ದಂಗ ಅನಸ್ತದ್ರಿ.” ತಲೆಯಾಡಿಸಿ “ಛಲೋ ಆತು” ಎಂದು ಗಿಡಕ್ಕೆ ನೀರು ಹಾಕಲು ಹೋದರು. ಅಡುಗೆಮನೆಯಲ್ಲಿ ನಿಂತು ಅತ್ತೆ. ನಮ್ಮಿಬ್ಬರ ನಡುವೆ ಉಳಿದದ್ದು ಶನಿವಾರದ ನಗು ಒಂದೇ ಅನ್ನಿಸಿತು, ಅದರಲ್ಲೂ ನನ್ನದು ಸುಳ್ಳು.

ಒಂದು ಶನಿವಾರ ಆಸ್ಟಿನ್‌ನಿಂದ ಮಗಳು ಬಂದಿದ್ದಳು. ಅವಳಿಗೆ ಫೋನ್ ಬಂತು, ರಿಮೋಟ್ ಒತ್ತಿ ಟಿವಿ ಮ್ಯೂಟ್ ಮಾಡಿದಳು. ಅಯ್ಯೋ, ಈಗ ರಾಮಾಯಣ ಶುರು ಅಂದುಕೊಂಡೆ. ಇವರು ಟಿವಿ ನೋಡುತ್ತಲೇ ಇದ್ದರು. ಸರಿಯಾದ ಜಾಗದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ರೂಢಿ ನೋಡಿ, ಹಿಂದೆಯೇ ನಾನೂ ನಕ್ಕೆ!

ಮಗಳು ಫೋನ್ ಕೆಳಗಿಟ್ಟಳು. “ಅಮ್ಮಾ, ಸೌಂಡೇ ಇಲ್ಲ. ನೀವಿಬ್ರೂ ಯಾಕೆ ನಗ್ತಿದೀರಾ?”

ನನ್ನ ಕಥೆ ಹೇಗೋ ಮುಚ್ಚಿದೆ. ಇವರದು ಮುಚ್ಚಲಾಗಲಿಲ್ಲ. ಮಗಳು ಬೆನ್ನ ಹಿಂದೆ ನಿಂತು ಮೂರು ಸಲ ‘ಅಪ್ಪಾ’ ಎಂದಳು, ತಿರುಗಲಿಲ್ಲ. ಊರವರ ಮಕ್ಕಳ ಕಿವಿಯೆಲ್ಲ ಪರೀಕ್ಷೆ ಮಾಡಿದ ಡಾಕ್ಟರಿಗೆ ತನ್ನ ಕಿವಿಯೇ ಕೈಕೊಟ್ಟಿತ್ತು!

ಹ್ಯೂಸ್ಟನ್‌ನ ಕಿವಿ ಡಾಕ್ಟರು ಅವರ ಹಳೆಯ ಗೆಳೆಯರು, ಅಲ್ಲಿಗಾದರೆ ಬರುತ್ತೇನೆಂದು ಹಟ. ನಾಲ್ಕು ಗಂಟೆ ಡ್ರೈವ್, ದಾರಿಯುದ್ದಕ್ಕೂ “ನನಗೇನಾಗ್ಯದ?” ಎಂಬ ಗೊಣಗಾಟ. ಎರಡೂ ಕಿವಿಗೆ ಮಷೀನು ಬಂತು. ಅಲ್ಲೇ ಹತ್ತಿರದ ಪೇರ್ಲ್ಯಾಂಡಿನ ಗುಡಿಯಲ್ಲಿ ಗಂಟೆ ಬಾರಿಸಿದಾಗ ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡರು.

ಮುಂದಿನ ಶನಿವಾರ ಏಳಕ್ಕೆ ಕೂತೆವು. ಅವರು ನಕ್ಕರು, ನಾನು ನಕ್ಕೆ. ಅವರು ನನ್ನ ಕಡೆ ತಿರುಗಿದರು.

“ನೀ ಯಾಕ ತಡಾ ಮಾಡಿ ನಗತೀ?”

ಸಿಕ್ಕಿಬಿದ್ದೆ. “ನನಗ ಅವರ ಇಂಗ್ಲಿಷ್ ತಿಳಿಯಂಗಿಲ್ರಿ. ನೀವು ನಕ್ಕರ ನಾ ನಗತೀನಿ.”

“ಮೊದಲಿಂದನೂ?”

“ಹೂನ್ರಿ.”

ಬಿದ್ದು ಬಿದ್ದು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಕಾರ್ಯಕ್ರಮ ಅರ್ಧಕ್ಕೆ ಬಂದಿರಲಿಲ್ಲ, ಟಿವಿ ಆರಿಸಿದರು.

“ನಂದೂ ಒಂದ ಸುಳ್ಳದ. ಎರಡ ವರ್ಷ ಆತು, ನೀ ಹೇಳಿದ್ದು ನನಗ ಸರಿ ಕೇಳಸೇ ಇಲ್ಲ. ಹೇಳಾಕ ನಾಚಿಕಿ ಬಂತು, ಹೂಂ ಅಂತ ಗೋಣ ಹಾಕಿದೆ. ಈಗ ಹೇಳು, ಏನೇನ ಹೇಳಿದ್ದಿ?”

ಎರಡು ವರ್ಷದ್ದು ಎಲ್ಲಿಂದ ಹೇಳಲಿ? ಹೂಕೋಸಿನಿಂದ ಶುರು ಮಾಡಿದೆ. ಕಿವಿಗೊಟ್ಟು ಕೇಳಿದರು. ಆಮೇಲೆ ಆ ಮಧ್ಯಾಹ್ನದ ಮಾತನ್ನೂ ಹೇಳಿದೆ, ಅದೇ ಮಾತು, ಸಣ್ಣ ದನಿಯಲ್ಲೇ. ಅವರ ಕಣ್ಣು ತುಂಬಿತು. ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಇಬ್ಬರಿಗೂ ಕೇಳಿಸಿತು, ಇಬ್ಬರೂ ಏಳಲಿಲ್ಲ.