ಒದ್ದೆ ಗೋಣಿಯ ಕೆಳಗೆ

ಈಗಲೂ ಕಣ್ಣು ಮುಚ್ಚಿದರೆ ನನ್ನ ಅತ್ತೆಯ ಬಲಗೈ ಕಾಣುತ್ತದೆ. ಕ್ಯಾಮೆರಾದ ಪರದೆಯ ಮೇಲೆ ಕಂಡ ಹಾಗೆಯೇ ಕಾಣುತ್ತದೆ. ಸುತ್ತ ಎಲ್ಲವೂ ಕಡುನೀಲಿ, ನಡುವೆ ಕೆಂಡದ ಬಣ್ಣದ ಬೆರಳುಗಳು ಮುಂದಕ್ಕೆ ಹೋಗುತ್ತಿರುತ್ತವೆ. ನಾನು ಕೂಗಬೇಕೆಂದುಕೊಳ್ಳುತ್ತೇನೆ, ದನಿ ಬರುವುದಿಲ್ಲ.

ಮುಳ್ಳೂರಿನ ಬಳಿ ನಮ್ಮದು ರೇಷ್ಮೆ ಬೆಳೆಯುವ ಮನೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದ ಮೇಲೆ ಹುಳು ಸಾಕುವುದನ್ನು ಅತ್ತೆಯಿಂದಲೇ ಕಲಿತೆ. ಹುಳು ಮನೆಯಲ್ಲಿ ಎರಡು ಕೋಣೆ. ದೊಡ್ಡದರಲ್ಲಿ ಹುಳುವಿನ ಸ್ಟ್ಯಾಂಡು, ಪಕ್ಕದ ಸಣ್ಣದರಲ್ಲಿ ಹಿಪ್ಪುನೇರಳೆ ಸೊಪ್ಪು. ಕೊಯ್ದು ತಂದ ಸೊಪ್ಪು ಬಾಡದಿರಲೆಂದು ನೆಲದ ಮೇಲೆ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸಿಡುತ್ತಿದ್ದೆವು. ಹುಳುವಿಗೆ ಹಾಕುವಾಗ ಗೋಣಿಯ ಅಂಚೆತ್ತಿ ಕೈ ಹಾಕಿ ಬಾಚಿಕೊಳ್ಳುವುದು ರೂಢಿ.

ಆ ಬೆಳೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಹೊತ್ತಿಗೆ ಸರಿಯಾಗಿ ತಿಂದರೆ ಕೆಲವೇ ದಿನಗಳಲ್ಲಿ ಗೂಡು ಕಟ್ಟುತ್ತವೆ, ಇಲ್ಲವಾದರೆ ಅಷ್ಟು ದಿನದ ದುಡಿಮೆ ಮಣ್ಣು. ಆ ಹೊತ್ತಿಗೇ ಇಲಿಗಳು ಬಂದವು. ಬೆಳಗೆದ್ದು ನೋಡಿದರೆ ಅಂಚಿನ ಹುಳುಗಳು ಮಾಯ. ವಿಷ ಇಡುವ ಹಾಗಿಲ್ಲ, ಹೊಗೆ ಹಾಕುವ ಹಾಗಿಲ್ಲ. ಇಲಿಗಿಂತ ಮೊದಲು ಹುಳುಗಳೇ ಸಾಯುತ್ತವೆ.

ವಿಷವಿಲ್ಲದೆ ಇಲಿಯ ಜಾಡು ಹಿಡಿಯುವವರು ಯಳಂದೂರಿನಲ್ಲಿದ್ದಾರೆಂದು ಕೇಳಿ ಫೋನ್ ಮಾಡಿದೆ. ನಡುವಯಸ್ಸಿನ ಮನುಷ್ಯ ಬೈಕಿನಲ್ಲಿ ಬಂದರು. ಮಹದೇಶ್ವರ ಬೆಟ್ಟದ ಲಾಡ್ಜೊಂದರಲ್ಲಿ ಜಿರಳೆಗೆ ಔಷಧಿ ಹೊಡೆದು ಅಲ್ಲಿಂದಲೇ ನೇರ ಬಂದಿದ್ದರು. ಅತ್ತೆ ಅವರನ್ನು ಅಂಗಳದಲ್ಲೇ ತಡೆದು ಗಾಳಿ ಮೂಸಿದರು.

"ಏನಪ್ಪಾ, ಮೈಯೆಲ್ಲಾ ಔಸ್ದಿ ನಾತ. ಇಂಗೇ ಒಳಕ್ಕೋದ್ರೆ ನಮ್ ಉಳ ಅಷ್ಟೂ ಮಕಾಡೆ ಮಲೀಕತವೆ. ಓಗು, ಬಚ್ಚಲಲ್ಲಿ ನೀರದೆ, ಉಯ್ಕೊಂಡು ಬಾ."

"ಇಲಿ ಇಡಿಯಕ್ಕೆ ಕರ್ದು ಎಣ್ಣೆ ಸ್ನಾನ ಮಾಡುಸ್ತೀಯಲ್ಲವ್ವಾ!" ಎಂದು ನಗುತ್ತಲೇ ಹೋದರು. ಸ್ನಾನ ಮುಗಿಸಿ, ನನ್ನ ಗಂಡನ ಲುಂಗಿ ಬನಿಯನ್ ಉಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ ಬಂದ ಮೇಲೆಯೇ ಅವರಿಗೆ ಬಾಗಿಲು ತೆರೆದದ್ದು.

ಅವರ ಕೈಯಲ್ಲಿದ್ದ ಕ್ಯಾಮೆರಾ ಬೆಳಕಿನ ಬದಲು ಬಿಸಿಯನ್ನು ನೋಡುವಂಥದ್ದು. ಬಿಸಿಯಿದ್ದದ್ದು ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ, ತಣ್ಣಗಿದ್ದದ್ದು ನೀಲಿಯಾಗಿ ಉಳಿಯುತ್ತದೆ.

"ಬಿಳಿಗಿರಿರಂಗನ ಬೆಟ್ಟದಲ್ಲಿ ಫಾರೆಸ್ಟ್‌ನೋರು ಮರಕ್ಕೆ ಕಟ್ಟವ್ರಲ್ಲ, ಅದೇಯಾ ಇದು?" ಎಂದು ಅತ್ತೆ ಕೇಳಿದರು.

"ಅದ್ರ ದಾಯಾದಿ ಅನ್ಕೊ. ಅಲ್ಲಿ ಉಲಿಗೆ, ಇಲ್ಲಿ ಇಲಿಗೆ."

ಸೊಪ್ಪಿನ ಕೋಣೆಯ ಗೋಡೆಯ ಬುಡದಲ್ಲಿ ಒಂದು ಬಿಲವಿತ್ತು. ಅದರ ಪಕ್ಕ, ಗೋಡೆಯ ಒಳಗಿನಿಂದ, ಅಂಗೈಯಗಲದ ಕಿತ್ತಳೆ ಮಚ್ಚೆಯೊಂದು ಪರದೆಯ ಮೇಲೆ ಮೂಡಿತು. ಇಲಿಯ ಗೂಡು! ಗೋಡೆಯನ್ನು ಒಡೆಯದೆಯೇ ಸಿಕ್ಕಿತ್ತು. ಅತ್ತೆ ಮಗುವಿನಂತೆ ಬಗ್ಗಿ ಬಗ್ಗಿ ನೋಡಿದರು. ಆತ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಚೀಲದಿಂದ ಇನ್ನೇನನ್ನೋ ತರಲು ಅಂಗಳಕ್ಕೆ ಹೋದರು. ನಾನು ಕೋಣೆಯ ಸುತ್ತ ಅದನ್ನು ತಿರುಗಿಸಿದೆ. ಒದ್ದೆ ಗೋಣಿಯ ರಾಶಿ ಪರದೆಯ ಮೇಲೆ ಬರೀ ನೀಲಿ ಹಾಸು.

"ಅಲ್ಲೆಲ್ಲ ತಣ್ಣಗದೆ, ಇಲಿಪಲಿ ಏನಿಲ್ಲ" ಎಂದುಕೊಂಡ ಅತ್ತೆ ಹುಳುವಿಗೆ ಹೊತ್ತಾಯಿತೆಂದು ಗೋಣಿಯ ಅಂಚೆತ್ತಿದರು.

ನನ್ನ ಕಣ್ಣು ಪರದೆಯ ಮೇಲೆಯೇ ಇತ್ತು. ಕಿತ್ತಳೆ ಬೆರಳುಗಳು ನೀಲಿಯ ಕಡೆ ಹೋದವು. ಒದ್ದೆ ಬಟ್ಟೆಯ ಕೆಳಗೆ ಏನಿದ್ದರೂ ನೀಲಿಯೇ ಅಲ್ಲವೇ ಎಂದು ನನಗೆ ಹೊಳೆದದ್ದು ಆಗಲೇ. ಬಾಯಿ ತೆರೆದೆ. ಅಷ್ಟರಲ್ಲಿ ಕುಕ್ಕರ್ ಸೀಟಿಗೆ ಮೊದಲು ಹಬೆ ನುಗ್ಗುವಂಥ ಸದ್ದು. ಒಮ್ಮೆ ನಿಂತು, ಮತ್ತೆ ಬಂತು.

ಅತ್ತೆ ಕೈಯನ್ನು ಎಳೆದುಕೊಳ್ಳಲಿಲ್ಲ, ಹಾಗೇ ನಿಲ್ಲಿಸಿದರು. ಆಮೇಲೆ ಬಹಳ ನಿಧಾನವಾಗಿ ಹಿಂದಕ್ಕೆ ತಂದರು. ಸೊಪ್ಪಿನ ನಡುವೆ ಸರಪಳಿಯಂಥ ಉಂಗುರಗಳ ದಪ್ಪ ಮೈ ಮಿಸುಕಿತು. ಕೊಳಕು ಮಂಡಲ. ಇಲಿಯ ಹಿಂದೆ ಬಂದು ತಂಪಿನಲ್ಲಿ ಮಲಗಿತ್ತು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅದು ಆ ಬಿಲಕ್ಕೇ ನುಸುಳಿತು.

ಒಳಗೆ ಬಂದ ಆತ ನನ್ನ ಮುಖ ನೋಡಿಯೇ, "ಕಚ್ತಾ?" ಎಂದರು.

"ಕಚ್ಚಿಲ್ಲ ಕಣಪ್ಪಾ" ಎಂದರು ಅತ್ತೆ. "ಇಲಿಗೆ ಬಣ್ಣ ಬಳಿತದೆ, ಆವಿಗೆ ಬಳಿಯಕ್ಕಿಲ್ವಾ ನಿನ್ ಪೆಟ್ಗೆ?"

"ಆವಿಗೆ ಸ್ವಂತ ಬಿಸಿ ಇಲ್ಲ ಕಣವ್ವಾ. ತಣ್ಣಗಿರೋ ತಾವ್ ಮಲ್ಗಿದ್ರೆ ಅದ್ರ ಮೈನೂ ತಣ್ಣಗೇ."

ಅತ್ತೆಗೆ ಆಗ ಹಾವಿಗಿಂತ ದೊಡ್ಡ ಚಿಂತೆ ಹತ್ತಿತು. ಬಿಲದ ಇನ್ನೊಂದು ತುದಿ ಹುಳುವಿನ ಕೋಣೆಗೆ ತೆರೆದಿದ್ದರೆ ಅಲ್ಲಿಗೂ ಕಾಲಿಡುವಂತಿಲ್ಲ, ಹುಳುಗಳು ಉಪವಾಸ. ಆತ ಹುಳುವಿನ ಕೋಣೆಯ ಕಡೆಯಿಂದ ಗೋಡೆಯನ್ನು ನೋಡಿದರು. ಸ್ಟ್ಯಾಂಡಿನ ಹಿಂದೆ ಒಂದು ಸಂದು ಇತ್ತು. ಮೊದಲು ಅದಕ್ಕೆ ಉದ್ದನೆಯ ಕೋಲಿನಿಂದ ತಂತಿ ಜಾಲರಿ ತುರುಕಿ ಬಿಗಿ ಮಾಡಿದರು. ಆಮೇಲೆ ಸೊಪ್ಪಿನ ಕೋಣೆಗೆ ಬಂದು, ದೂರ ನಿಂತು, ವೈರಿನಂತೆ ಬಳುಕುವ ಇನ್ನೊಂದು ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಬಿಲದ ಬಾಯಿಗೆ ಹಿಡಿದರು. ಅದರ ತುದಿಯಲ್ಲಿ ಪುಟ್ಟ ದೀಪ. ಇದು ಬಿಸಿಯನ್ನಲ್ಲ, ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಪರದೆಯ ತುಂಬ ಉಂಗುರಗಳು ತುಂಬಿಕೊಂಡವು.

"ಇಲ್ಲೇ ಅದೆ. ಆ ಕಡೀಕ್ ಓಗಿಲ್ಲ. ನಿನ್ ಉಳಕ್ಕೆ ಸೊಪ್ಪಾಕವ್ವಾ, ನಾನಿಲ್ಲೇ ಕಾಯ್ತೀನಿ."

ಸೊಪ್ಪೇನೋ ಇತ್ತು, ಆದರೆ ಹಾವಿದ್ದ ಕೋಣೆಯಲ್ಲಿ. ಸುದ್ದಿ ಕೇಳಿ ಪಕ್ಕದ ತೋಟದ ಹೆಂಗಸು ಒಂದು ಹೊರೆ ಸೊಪ್ಪು ತಂದು ಬೇಲಿಯ ಬಳಿಯೇ ಇಳಿಸಿದರು. ಮನೆಯಲ್ಲಿ ಹುಳು ಮೇಯುತ್ತಿರುವಾಗ ಬೇರೆಯವರು ಯಾರೂ ಅಂಗಳ ದಾಟಿ ಬರುವುದಿಲ್ಲ, ಹುಳುವಿಗೆ ರೋಗ ತಗುಲೀತೆಂದು.

ಅತ್ತೆ ಒಂದೆಲೆ ಹರಿದು ಮೂಸಿದರು.

"ಔಸ್ದಿ ಒಡ್ದಿಲ್ಲ ಕಣಕ್ಕಾ! ಜೀವ ಉಳ್ಕಂಡದೆ, ಮೂಸದ್ ಬುಡ್ನಿಲ್ವಲ್ಲ ನೀನು!" ಎಂದು ಆಕೆ ಬೇಲಿಯಾಚೆಯಿಂದ ಬೈದರು. ಅತ್ತೆ ನಕ್ಕರು. ಆಗ ನನಗೆ ಅಳು ಬಂತು.

ಫೋನ್ ಮಾಡಿ ಕರೆಸಿದ್ದ ಹನೂರಿನ ಕಡೆಯ ಹಾವು ಹಿಡಿಯುವವರು ಬರುವ ಹೊತ್ತಿಗೆ ಹುಳುಗಳು ಮೇದು ಮುಗಿಸಿದ್ದವು. ಹಾವು ಎಲ್ಲಿದೆ, ತಲೆ ಯಾವ ಕಡೆಗಿದೆ ಎಂದು ಪರದೆಯಲ್ಲಿ ನೋಡಿಕೊಂಡೇ ಅವರು ಬಿಲವನ್ನು ಅಗಲಿಸಿ ಅದನ್ನು ಚೀಲಕ್ಕೆ ಇಳಿಸಿದರು. ಇಲಿಗಳು ಆಮೇಲೆ ಬೋನಿಗೆ ಬಿದ್ದವು, ಬಿಲಕ್ಕೆ ಜಾಲರಿಯೂ ಸಿಮೆಂಟೂ ಬಿದ್ದವು. ಬೆಳೆ ಚೆನ್ನಾಗಿಯೇ ಬಂತು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳಲ್ಲಿ ಬಿಳಿ ಗೂಡುಗಳು ಒತ್ತೊತ್ತಾಗಿ ಕೂತಿದ್ದನ್ನು ಅತ್ತೆ ಆತನಿಗೆ ಫೋನಿನಲ್ಲಿ ವರ್ಣಿಸಿದರು.

ನಾನು ಮಾತ್ರ ಆ ಕೋಣೆಗೆ ಹೋಗುವುದನ್ನು ಬಿಟ್ಟಿದ್ದೆ. ಒದ್ದೆ ಗೋಣಿಯ ವಾಸನೆಗೇ ಬೆನ್ನು ತಣ್ಣಗಾಗುತ್ತಿತ್ತು. ಅತ್ತೆ ಒತ್ತಾಯ ಮಾಡಲಿಲ್ಲ. ಸೊಪ್ಪು ಇನ್ನು ನೆಲದ ಮೇಲೆ ಬೇಡವೆಂದು ಸೊಂಟದೆತ್ತರಕ್ಕೆ ಕಲ್ಲುಚಪ್ಪಡಿಯ ಕಟ್ಟೆ ಹಾಕಿಸಿದರು. ಕೆಳಗೆ ಖಾಲಿ, ಬಗ್ಗಿದರೆ ಗೋಡೆಯವರೆಗೂ ಕಾಣುತ್ತದೆ. ಪಕ್ಕದಲ್ಲಿ ಒಂದು ಬಿದಿರು ಕೋಲು ಒರಗಿಸಿಟ್ಟರು.

ಈ ಬೆಳೆಯ ಹುಳುಗಳು ನಾಲ್ಕನೇ ಜ್ವರ ಎದ್ದ ದಿನ ಅತ್ತೆ ಹೊಲದಿಂದ ಬರುವುದು ತಡವಾಯಿತು. ಹುಳುಗಳು ತಲೆಯೆತ್ತಿ ಕಾಯುತ್ತಿದ್ದವು. ನಾನು ಕೋಣೆಗೆ ಹೋಗಿ ಕಟ್ಟೆಯ ಕೆಳಗೆ ಬಗ್ಗಿ ನೋಡಿದೆ. ಕೋಲಿನಿಂದ ಗೋಣಿಯನ್ನು ಪೂರ್ತಿ ಸರಿಸಿದೆ. ಹಸಿರು ಸೊಪ್ಪು, ಅಷ್ಟೇ. ಸೊಪ್ಪಿನೊಳಗೂ ಒಮ್ಮೆ ಕೋಲಾಡಿಸಿದೆ. ಆಮೇಲೆ ಕೈ ಹಾಕಿದೆ.

ಸೊಪ್ಪು ತಣ್ಣಗಿತ್ತು. ಎರಡು ಕೈಯಲ್ಲೂ ಬಾಚಿಕೊಂಡು ಹುಳುಗಳ ಬಳಿಗೆ ನಡೆದೆ.