ಹುರುಳಿ ಮೇಲಿನ ದಾರಿ

ಟಿ. ನರಸೀಪುರದಲ್ಲಿ ಷಡ್ಡಕನ ಮನೆ ಗೃಹಪ್ರವೇಶ. ನಂಜನಗೂಡಿನಿಂದ ಹೊರಟು ಸುತ್ತೂರು ದಾಟಿದ ಮೇಲೆ ಮೊಬೈಲಿನ ಮ್ಯಾಪಮ್ಮ "ಬಲಕ್ಕೆ ತಿರುಗಿ" ಅಂದಳು. ಹೆಂಡತಿಯ ಮಾತನ್ನಾದರೂ ಮೀರಬಹುದು, ಅವಳದ್ದನ್ನು ಮೀರುವ ಧೈರ್ಯ ನನಗಿಲ್ಲ. ತಿರುಗಿದೆ.

ಸ್ವಲ್ಪ ದೂರದಲ್ಲಿ ರಸ್ತೆ ತುಂಬ ಕಿತ್ತ ಹುರುಳಿ ಗಿಡ ಹರಡಿತ್ತು. ಪಕ್ಕದ ಹೊಂಗೆ ಮರದಡಿ ಒಬ್ಬ ಯಜಮಾನರು ಕೂತಿದ್ದರು.

"ಯಜಮಾನ್ರೇ, ನರಸೀಪುರಕ್ಕೆ ಹೋಗ್ಬೇಕು. ಇದರ ಮೇಲೆ ಹೋಗಬಹುದಾ?"

"ಓಗಿ ಸಾ, ಧಾರಾಳ್ವಾಗಿ ಓಗಿ."

ಎಂಥ ಉದಾರಿ! ಬೆಳೆದ ಬೆಳೆಯನ್ನೇ ನನ್ನ ಕಾರಿಗೆ ಹಾಸಿದ್ದರು. ಪಟಪಟ ಸದ್ದು ಮಾಡಿಕೊಂಡು ಹೋದೆ. ರಸ್ತೆ ನೆಟ್ಟಗೆ ಹೋಗಿ ನಾಲೆ ಏರಿಯ ಬುಡದಲ್ಲಿ ಮುಗಿದೇಹೋಯಿತು. ಮತ್ತೆ ಅದೇ ಹುರುಳಿ ತುಳಿದು ವಾಪಸ್ ಬಂದೆ.

"ಮುಂದೆ ದಾರಿನೇ ಇಲ್ವಲ್ರೀ!"

"ಇದ್ರ ಮ್ಯಾಲೆ ಓಗಬೋದಾ ಅಂದ್ರಿ, ಓಗಿ ಅಂದೆ. ರೋಡು ಎಲ್ಲಿಗೋಯ್ತದೆ ಅಂತ ಕೇಳುದ್ರಾ?" ಎಂದವರು ಎದ್ದು ಬಂದು ಗಿಡ ತಿರುವಿ ನೋಡಿದರು. "ಎಡಗಡೆ ಟೈರು ಇನ್ನೊಸಿ ಅಂಚಿಗೆ ಬರ್ಬೇಕಿತ್ತು ಸಾ, ಅಲ್ಲಿ ಕಾಳು ಉದುರಿಲ್ಲ."

ಒಕ್ಕಣೆ ಮಾಡಿದ ಎತ್ತಿಗಾದರೂ ಸಂಜೆ ಒಂದು ಹಿಡಿ ಹುರುಳಿ ಇಡುತ್ತಾರೆ. ನನಗೆ ಸಿಕ್ಕಿದ್ದು ದಾರಿ, ಅದೂ ಬಂದ ದಾರಿ.